ಭಜ್ಜಿಯ ಗಡಿಗೆ ಹೊಲದ ಆಚೆ ತುದಿಗೆ

ನಾನು ಏರ್ಪಡಿಸಿದ ಮೊದಲ ಕ್ಷೇತ್ರೋತ್ಸವಕ್ಕೆ ನೂರೈವತ್ತು ಖುರ್ಚಿ ತರಿಸಿದ್ದೆ. ನಿರ್ಣಾ ಊರಿನ ಹತ್ತಿರ, ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿಸಿದ್ದೆ. ಮೈಕು ಇತ್ತು, ಬ್ಯಾನರ್ ಇತ್ತು, ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜಿತ್ತು. ಉಪ್ಪಿಟ್ಟು, ಶಿರಾ ಎರಡೂ ಮಾಡಿಸಿದ್ದೆ. ತೊಗರಿ ಹೊಲ ಶಾಮಿಯಾನದ ಹಿಂದೆ ಇತ್ತು.

ಕ್ಷೇತ್ರೋತ್ಸವ ಎಂದರೆ ಬಹಳ ದೊಡ್ಡ ಸಂಗತಿಯೇನಲ್ಲ. ಒಬ್ಬ ರೈತರ ಹೊಲದಲ್ಲಿ ಹೊಸ ಪದ್ಧತಿಯೊಂದು ಚೆನ್ನಾಗಿ ಕೆಲಸ ಮಾಡಿದ್ದರೆ, ಸುತ್ತಲಿನ ರೈತರನ್ನು ಅದೇ ಹೊಲಕ್ಕೆ ಕರೆದು ತೋರಿಸುವುದು. ನಾನು ಕೆಲಸ ಮಾಡುವ ರೈತ ಸಂಸ್ಥೆಯ ಕಚೇರಿ ಬಸವಕಲ್ಯಾಣದಲ್ಲಿದೆ, ಹುಮನಾಬಾದ್ ಕಡೆಯ ಹಳ್ಳಿಗಳೂ ನಮಗೇ ಸೇರಿವೆ. ಹೊಲ ಹುಡುಕುವುದು, ರೈತರನ್ನು ಒಪ್ಪಿಸುವುದು, ಜನರನ್ನು ಕರೆಯುವುದು, ಊಟ ಹಾಕಿಸುವುದು, ಆಮೇಲೆ ವರದಿ ಟೈಪ್ ಮಾಡುವುದು ನನ್ನ ಕೆಲಸ. ಕೊನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ನಾನು ಶಾಲೆ ಕಂಡದ್ದು ತಡವಾಗಿ. ಮೊದಲು ಹುಮನಾಬಾದಿನಲ್ಲಿ ಚಹಾದಂಗಡಿಯಲ್ಲಿದ್ದೆ, ಆಮೇಲೆ ಹಳ್ಳಿಖೇಡದ ಕಡೆ ಟ್ರ್ಯಾಕ್ಟರಿಗೆ ಕಬ್ಬು ಹೇರುತ್ತಿದ್ದೆ. ಹತ್ತನೇ ತರಗತಿ ಪಾಸಾಗುವಾಗ ನನಗೆ ಮೂವತ್ತು ತುಂಬಿತ್ತು. ಹಾಗಾಗಿ ಕಲಿಯುವುದು ಎಂದರೆ ನನ್ನ ತಲೆಯಲ್ಲಿ ಒಂದೇ ಚಿತ್ರ ಇತ್ತು: ಕೆಲವರು ಸಾಲಾಗಿ ಕೂತಿರಬೇಕು, ಒಬ್ಬರು ಎದುರಿಗೆ ನಿಂತು ಹೇಳಬೇಕು. ನಿರ್ಣಾದಲ್ಲಿ ನೂರೈವತ್ತು ಖುರ್ಚಿ ನೇರ ಸಾಲಿಗೆ ಬಂದಾಗ ನಾನು ದೂರ ನಿಂತು ಎರಡು ಸಲ ನೋಡಿದೆ. ಅಷ್ಟು ಖುಷಿಯಾಗಿತ್ತು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಜನ ಬಂದರು, ಕೂತರು. ನಮ್ಮ ಕಚೇರಿಯ ಸಾಹೇಬರು ಒಂದು ತಾಸು ಮಾತಾಡಿದರು. ಊರಿನ ಹಿರಿಯರಿಗೆ ಶಾಲು ಹೊದಿಸಿದೆವು. ಆಮೇಲೆ ಎಲ್ಲರೂ ಉಪ್ಪಿಟ್ಟು ತಿಂದು, ಕೈ ತೊಳೆದು, ಬೈಕ್ ಹತ್ತಿ ಹೋದರು. ಹೋಗುವಾಗ ಒಬ್ಬ ಮುದುಕರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ಭಾಳ ಚೊಲೋ ಆತು ನೋಡಪಾ. ಯಾವ ಬೆಳಿದಿತ್ತು ಈ ಪ್ರೋಗ್ರಾಮು?"

ಪೆಂಡಾಲ್ ಬಾಡಿಗೆ ಕೊಡುವ ಹುಮನಾಬಾದಿನ ಚಾಚಾ ಆ ಹೊತ್ತಿಗೆ ವೇದಿಕೆ ಬಿಚ್ಚುತ್ತಿದ್ದರು. ನೆಲಕ್ಕೆ ಹಾಸಿದ್ದ ಜಮಖಾನೆಯನ್ನು ಎತ್ತಿ ಕೊಡವಿ ನನಗೆ ತೋರಿಸಿದರು.

"ಇಲ್ಲಿ ನೋಡು ಬೇಟಾ. ಒಂದ್ ಚಿಟಿಕಿ ಹೊಲದ ಮಣ್ಣು ಹತ್ತಿಲ್ಲ. ಲಗ್ನಕ್ಕ ಹಾಸಿದ್ರೂ ಇದಕ್ಕಿಂತ ಹೊಲಸಾಗತದ. ಯಾರರೆ ತೊಗರ್ಯಾಗ ಕಾಲಿಟ್ಟಾರೇನು?"

"ಸಾಹೇಬ್ರು ಎಲ್ಲಾ ಹೇಳಿದ್ರಲ್ಲ ಚಾಚಾ."

"ಹೇಳಿದ್ರು, ಹೇಳಿದ್ರು. ನಂಗೂ ನಿದ್ದಿ ಬಂತು." ಅವರು ಖುರ್ಚಿಯ ಮೇಲೆ ಖುರ್ಚಿ ಏರಿಸುತ್ತ ಅಂದರು, "ನನ್ನ ಧಂಧಾ ಇದು, ನಾ ಹೇಳಬಾರದು. ಆದ್ರೂ ಹೇಳ್ತೀನಿ. ಖುರ್ಚಿ ಕೊಟ್ರ ಮಂದಿ ಕೂಡ್ತಾರ. ಕೂತವ್ರು ಏಳಂಗಿಲ್ಲ. ಹೊಲ ತೋರ್ಸೋದದ ಅಂದ್ರ ನನ್ನ ಕರೀಬ್ಯಾಡ."

ಆ ಮಾತು ನನಗೆ ಆ ದಿನ ಚುಚ್ಚಿತು. ವರದಿಯಲ್ಲಿ ಮಾತ್ರ 'ಯಶಸ್ವಿಯಾಗಿ ನೆರವೇರಿತು' ಎಂದೇ ಟೈಪ್ ಮಾಡಿದೆ.

ಮುಂದಿನ ಮುಂಗಾರಿನಲ್ಲಿ ಬಸವಕಲ್ಯಾಣ ತಾಲೂಕಿನ ಕೊಹಿನೂರದಲ್ಲಿ ಒಬ್ಬ ಅಕ್ಕನ ಪರಿಚಯವಾಯಿತು. ತೊಗರಿಯ ಕುಡಿ ಚಿವುಟುವ ಪದ್ಧತಿಯನ್ನು ನಾನು ಊರಿನ ಕಟ್ಟೆಯ ಮೇಲೆ ವಿವರಿಸುತ್ತಿದ್ದೆ. ಬಿತ್ತಿ ಐವತ್ತು ದಿನ ಆಗುವ ಹೊತ್ತಿಗೆ ಗಿಡದ ತುದಿಯನ್ನು ಬೆರಳಿನಿಂದ ಚಿವುಟಿದರೆ ಗಿಡ ಎತ್ತರ ಬಿಟ್ಟು ಅಗಲಕ್ಕೆ ಬೆಳೆಯುತ್ತದೆ, ರೆಂಬೆ ಹೆಚ್ಚುತ್ತವೆ, ರೆಂಬೆ ಹೆಚ್ಚಿದರೆ ಕಾಯಿ ಹೆಚ್ಚು. ಗಂಡಸರು ಕೇಳಿ ಎದ್ದು ಹೋದರು. ನೀರು ತುಂಬಿಕೊಂಡು ಹೊರಟಿದ್ದ ಈ ಅಕ್ಕ ಕೊಡ ಇಳಿಸಿ, "ನಮ್ಮ ಹೊಲದಾಗ ಮಾಡ್ತೀನ್ರಿ ಅಣ್ಣಾ, ಬಂದು ತೋರ್ಸ್ರಿ" ಅಂದರು.

ಅವರಿಗೆ ಅದು ಬರೀ ಕುತೂಹಲವಲ್ಲ ಎಂದು ಆಮೇಲೆ ತಿಳಿಯಿತು. ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹೊಲ ಅಣ್ಣತಮ್ಮಂದಿರ ಕೂಡುಹೊಲ, ಯಜಮಾನಿಕೆ ಗಂಡನ ಅಣ್ಣನದು, ಅಂದರೆ ಅಕ್ಕನ ಭಾವನದು. ಅವರು ಬಾವಿಯ ಸುತ್ತಲಿನ ಭೂಮಿಗೆಲ್ಲ ಕಬ್ಬು ಹಾಕಿದ್ದರು. ಉಳಿದ ನಾಲ್ಕು ಎಕರೆಗೂ ಪೈಪು ಎಳೆದು ಕಬ್ಬು ಹಾಕಬೇಕು ಎಂದಿದ್ದರು. ಆ ನಾಲ್ಕು ಎಕರೆ ಅಕ್ಕ ಮದುವೆಯಾಗಿ ಬಂದಾಗಿನಿಂದ ತಮ್ಮ ಕೈಯಾರೆ ಮಾಡಿಕೊಂಡು ಬಂದದ್ದು. ಕೊನೆಗೆ ಮನೆಯಲ್ಲಿ ಒಂದು ಮಾತಾಯಿತು: ಈ ಒಂದು ವರ್ಷ ತೊಗರಿ ಹಾಕಿ ತೋರಿಸಲಿ. ಚೆನ್ನಾಗಿ ಬಂದರೆ ಹೊಲ ಅವರ ಕೈಯಲ್ಲಿ. ಇಲ್ಲದಿದ್ದರೆ ಕಬ್ಬು, ಮತ್ತು ಅಕ್ಕ ಅದೇ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿ.

ನಾನು ಹೇಳಿಕೊಟ್ಟದ್ದು ತಪ್ಪಿದರೆ ನನಗೇನೂ ಆಗುವುದಿಲ್ಲ, ಇನ್ನೊಂದು ಹಳ್ಳಿಗೆ ಹೋಗುತ್ತೇನೆ. ಹೊಲ ಹೋಗುವುದು ಅವರದು.

ಕುಡಿ ಚಿವುಟುವ ದಿನ ಅಕ್ಕ ನೆರೆಯ ಮೂವರು ಹೆಂಗಸರನ್ನು ಕರೆದುಕೊಂಡು ಸಾಲು ಹಿಡಿದರು. ಚಿವುಟಿದ ತುದಿಗಳನ್ನು ಮೇಕೆಗೆಂದು ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದರು. ಅರ್ಧ ಹೊಲ ಮುಗಿದಿತ್ತು. ಆಗ ಭಾವ ಬೈಕಿನಲ್ಲಿ ಬಂದು ಬದುವಿನ ಮೇಲೆ ನಿಂತರು. ನಮ್ಮ ಕಡೆ ಸೊಸೆಯಾದವರು ಭಾವನ ಎದುರು ಮಾತಾಡುವುದಿಲ್ಲ. ಸೆರಗು ಎಳೆದು ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಹೇಳಲೇಬೇಕಾದದ್ದಿದ್ದರೆ ನಡುವಿನ ಇನ್ನೊಬ್ಬರಿಗೆ ಹೇಳುತ್ತಾರೆ. ಆ ದಿನ ಆ ಇನ್ನೊಬ್ಬ ನಾನಾದೆ.

"ಏನ್ ಮಾಸ್ತರ, ಹೊಲದಾಗ ದನ ಬಿಟ್ಟೀರೇನು? ತೊಗರಿಗಿ ತಲಿನೇ ಕಾಣವಲ್ದು!" ಭಾವ ಕೂಗಿದರು. ನನ್ನ ಓದು ಎಷ್ಟೆಂದು ಗೊತ್ತಿದ್ದೇ ಅವರು ನನ್ನನ್ನು ಮಾಸ್ತರ ಅನ್ನುತ್ತಿದ್ದರು.

"ದನ ಅಲ್ರಿ, ಕುಡಿ ಚೂಟಾಕತ್ತೀವ್ರಿ. ಪಕ್ಕದಾಗ ಟೊಂಗಿ ಒಡೀಲಿ ಅಂತ."

"ಬೆಳ್ಯಾಕತ್ತಿದ್ದ ಕೂಸಿನ ತಲಿ ಕೊಯ್ದು, ಭುಜ ಅಗಲಾಗ್ತಾವ ಅಂದಂಗಾತು."

ಅಕ್ಕ ಗಿಡಗಳ ಕಡೆ ಮುಖ ಮಾಡಿಕೊಂಡೇ ಅಂದರು, "ಅಣ್ಣಾ, ಅವರಿಗಿ ಕೇಳ್ರಿ. ಮನಿ ಮುಂದಿನ ತುಳಸಿ ಚೂಟಿದಷ್ಟೂ ಪೊದಿ ಆಗ್ತದ. ದಿನಾ ಪೂಜಾ ಮಾಡೋವಾಗ ನೋಡಿಲ್ಲೇನು ಅಂತ ಕೇಳ್ರಿ."

ಹೆಂಗಸರು ಸೆರಗಿನೊಳಗೆ ನಕ್ಕರು. ಭಾವನಿಗೆ ಕೇಳಿಸಿತ್ತು. ಆದರೂ ನನ್ನ ಮುಖವನ್ನೇ ನೋಡಿ ಉತ್ತರ ಕೊಟ್ಟರು.

"ಆಕಿಗಿ ಹೇಳ್ರಿ, ತುಳಸಿ ಯಾರೂ ಅಡತಿಗಿ ಒಯ್ದು ಮಾರಂಗಿಲ್ಲ. ಸಾಕು ಇಲ್ಲಿಗಿ. ಇನ್ನರ್ಧ ಮುಟ್ಟಬ್ಯಾಡ್ರಿ. ಒಂದ್ ಕಡಿ ಹಾಳಾದ್ರ ಇನ್ನೊಂದ್ ಕಡಿ ಆದ್ರೂ ಉಳೀಲಿ."

ಹೀಗೆ ಹೊಲ ಎರಡಾಯಿತು. ಬಡಗಣ ಅರ್ಧ ಚಿವುಟಿದ್ದು, ತೆಂಕಣ ಅರ್ಧ ಹಾಗೇ ಬಿಟ್ಟದ್ದು. ನಾನು ಬೇಸರದಿಂದಲೇ ಬಸವಕಲ್ಯಾಣಕ್ಕೆ ಬಂದೆ.

ಸೆಪ್ಟೆಂಬರಿನಲ್ಲಿ ಬೇಸರ ಹೆಚ್ಚಾಯಿತು. ಭಾವ ಚಿವುಟಲು ಬಿಡದ ಅರ್ಧ ಎತ್ತರಕ್ಕೆ ಹೋಗಿತ್ತು. ಚಿವುಟಿದ ಅರ್ಧ ಸೊಂಟದ ಮಟ್ಟದಲ್ಲಿ ಗುಂಪು ಗುಂಪಾಗಿ ಕೂತಿತ್ತು. ಹೂವೂ ಮೊದಲು ಎತ್ತರದ ಗಿಡಗಳ ಕಡೆಗೇ ಬಂತು. ಹಾದಿಯಲ್ಲಿ ಹೋಗುವವರಿಗೆ ಒಂದು ಕಡೆ ಹಳದಿ, ಒಂದು ಕಡೆ ಬರೀ ಹಸಿರು. ಚಿವುಟಿದ ಗಿಡ ಸ್ವಲ್ಪ ತಡವಾಗಿ ಹೂ ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹತ್ತು ಹನ್ನೆರಡು ದಿನ ನಾನು ಕೊಹಿನೂರದ ಹಾದಿ ತಪ್ಪಿಸಿ ಬೇರೆ ಹಳ್ಳಿಗಳಿಗೆ ಹೋದೆ. ಅಕ್ಕನೇ ಫೋನ್ ಮಾಡಿದರು.

"ಯಾಕ್ರಿ ಅಣ್ಣಾ, ಕಾಣವಲ್ರಿ? ಮಂದಿ ಮಾತು ನಾ ಒಬ್ಬಾಕಿನೇ ಕೇಳ್ಲೇನು? ಬಂದು ಅರ್ಧ ನೀವೂ ಕೇಳ್ರಿ."

ನಾಚಿಕೆಯಾಗಿ ಮರುದಿನವೇ ಹೋದೆ. ಚಿವುಟಿದ ಅರ್ಧದಲ್ಲಿ ಹೂ ಶುರುವಾಗಿತ್ತು. ರೆಂಬೆ ರೆಂಬೆಗೂ, ಬುಡದಿಂದ ತುದಿಯವರೆಗೂ.

ಡಿಸೆಂಬರಿಗೆ ಕಾಯಿ ತುಂಬಿದವು. ನಾನು ಕಚೇರಿಗೆ ಓಡಿ ಕ್ಷೇತ್ರೋತ್ಸವಕ್ಕೆ ಇದೇ ಹೊಲ ಎಂದೆ. ಸಾಹೇಬರು ದಿನಾಂಕ, ಶಾಮಿಯಾನ, ಅತಿಥಿಗಳ ಪಟ್ಟಿ ಕೇಳಿದರು. ಅದನ್ನು ಹೇಳಲು ಕೊಹಿನೂರಕ್ಕೆ ಹೋದರೆ ಅಕ್ಕ ಕೈ ಮುಗಿದುಬಿಟ್ಟರು.

"ಬ್ಯಾಡ್ರಿ ಅಣ್ಣಾ. ಕಾಯಿ ತುಂಬಿದ ಬೆಳಿ ಅದ. ಇನ್ನೂರು ಮಂದಿ ಒಮ್ಮೆಗೇ ಬಂದು ನೋಡಿದ್ರ ನದರ ಹತ್ತತದ. ಮತ್ತ ನಾ ಮೈಕ್ ಹಿಡದು ಭಾವನ ಮುಂದ ಹ್ಯಾಂಗ ಮಾತಾಡ್ಲಿ? ಮಾತಾಡೋರು ಅವರೇ ಆಗ್ತಾರ. ಶಾಲೂ ಅವರಿಗೇ. ನನ್ನ ಹೊಲ ನಂಗ ಉಳೀತದೇನು?"

ಅವರು ಹೇಳಿದ್ದು ಖರೆ. ನಿರ್ಣಾದಲ್ಲಿ ನಾನು ಮಾಡಿದ್ದೂ ಅದೇ. ಹೊಲ ಮಾಡಿದವರು ಹಿಂದಿನ ಸಾಲಿನಲ್ಲಿ ಕೂತಿದ್ದರು, ಶಾಲು ಬೇರೆಯವರಿಗೆ ಹೋಗಿತ್ತು. ಚಾಚಾ ಅಂದದ್ದನ್ನು ಅಕ್ಕನಿಗೆ ಹೇಳಿದೆ. ಖುರ್ಚಿಯಿಂದ ಜನ ಏಳುವುದಿಲ್ಲ, ಏನು ಮಾಡಬೇಕೋ ತಿಳಿಯದು ಎಂದೆ. ಅಕ್ಕ ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು.

"ಎಳ್ಳಮಾಸಿಗಿ ಕರೀರಿ."

ನಮ್ಮ ಬೀದರ ಜಿಲ್ಲೆಯ ಎಳ್ಳಮಾವಾಸ್ಯೆ ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಅವತ್ತು ಊರು ಖಾಲಿ, ಹೊಲ ತುಂಬ ಜನ. ಜೋಳದ ದಂಟಿನಿಂದ ಚಿಕ್ಕ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ಎಡೆ ಚೆಲ್ಲುತ್ತಾರೆ. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ತಣ್ಣಗಿನ ಅಂಬಲಿ. ಕರೆಯದೆ ಬಂದವರಿಗೂ ಇಲ್ಲ ಅನ್ನುವಂತಿಲ್ಲ. ಜಾತಿ, ಧರ್ಮ ಕೇಳುವಂತಿಲ್ಲ.

"ಅವತ್ತ ನದರ ಹತ್ತಂಗಿಲ್ಲ. ಉಂಡವ್ರು ಹರಸೇ ಹೋಗ್ತಾರ," ಅಕ್ಕ ಅಂದರು. "ಆದ್ರ ಭಜ್ಜಿ ಇಲ್ಲಿ ದಾರಿ ಬಾಜೂಕ ಇಡೋದು ಬ್ಯಾಡ. ಆ ಕಡಿ ಬೇವಿನ ಗಿಡದ ಬುಡಕ ಇಡ್ತೀನಿ. ನಡುವಿನ ಸಾಲು ಹಿಡದೇ ಹೋಗ್ಬೇಕು. ಉಣ್ಣೋರು ನಡೀಲಿ."

ನಡುವಿನ ಸಾಲು ಎಂದರೆ ಚಿವುಟಿದ ತೊಗರಿ ಒಂದು ಕಡೆ, ಚಿವುಟದ ತೊಗರಿ ಇನ್ನೊಂದು ಕಡೆ. ನಾನು ಎಷ್ಟು ಪಟ್ಟಿ ಮಾಡಿದರೂ ಇದು ಹೊಳೆಯುತ್ತಿರಲಿಲ್ಲ.

ಸಾಹೇಬರನ್ನು ಒಪ್ಪಿಸುವುದು ಕಷ್ಟವಾಯಿತು. ಅವರು ದೂರದ ಜಿಲ್ಲೆಯವರು.

"ಹಬ್ಬದ ದಿನ ಯಾರು ಬರ್ತಾರೆ? ಎಲ್ಲ ಮನೇಲಿರ್ತಾರೆ."

"ಅವತ್ತ ಮನ್ಯಾಗ ಯಾರೂ ಇರಂಗಿಲ್ರಿ ಸಾಹೇಬ್ರ. ಎಲ್ಲಾರೂ ಹೊಲದಾಗೇ ಇರ್ತಾರ್ರಿ."

"ಶಾಮಿಯಾನ ಇಲ್ಲ, ಮೈಕಿಲ್ಲ. ಭಾಷಣ ಎಲ್ಲಿ ಮಾಡೋದು?"

"ಭಾಷಣ ಇಲ್ರಿ. ನೀವು ಉಣ್ಣಾಕ ಬರ್ರಿ."

ಕೊನೆಗೆ ಅವರು, "ಆಗಲಿ ನೋಡೋಣ, ಜವಾಬ್ದಾರಿ ನಿಮ್ಮದು" ಅಂದರು.

ನಾಲ್ಕು ದಿನ ಕೊಹಿನೂರದ ಸುತ್ತಲಿನ ಹಳ್ಳಿಗಳನ್ನು ತಿರುಗಿದೆ. ಕರಪತ್ರ ಹಂಚಲಿಲ್ಲ. "ಅಕ್ಕನ ಹೊಲಕ್ಕ ಭಜ್ಜಿ ಉಣ್ಣಾಕ ಬರ್ರಿ" ಎಂದಷ್ಟೇ ಹೇಳಿದೆ. ಹುಮನಾಬಾದಿಗೆ ಹೋಗಿ ಚಾಚಾಗೂ ಹೇಳಿದೆ. "ಖುರ್ಚಿ ಎಷ್ಟು?" ಎಂದು ಕೇಳಿದರು. ಒಂದೂ ಬೇಡ ಎಂದಾಗ ಎದ್ದು ನಿಂತು ನನ್ನ ಬೆನ್ನು ತಟ್ಟಿದರು.

ಎಳ್ಳಮಾವಾಸ್ಯೆಯ ದಿನ ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಅಕ್ಕ ಪೂಜೆ ಮುಗಿಸಿ ಬೇವಿನ ಬುಡದಲ್ಲಿ ದೊಡ್ಡ ಗಡಿಗೆ ಇಟ್ಟು ಕೂತಿದ್ದರು. ಸಾಹೇಬರು ಬದುವಿನ ಮೇಲೆ ಗಡಿಯಾರ ನೋಡುತ್ತಿದ್ದರು. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಆಗ ತಿಳಿಯಿತು. ಎಲ್ಲರೂ ಹೊಲದಲ್ಲೇ ಇರುತ್ತಾರೆ, ನಿಜ, ಆದರೆ ಅವರವರ ಹೊಲದಲ್ಲಿ! ತಮ್ಮ ಪೂಜೆ, ತಮ್ಮ ಊಟ ಬಿಟ್ಟು ಯಾರು ಬರುತ್ತಾರೆ? ಸುತ್ತಲೂ ಹೊಗೆ ಏಳುತ್ತಿತ್ತು, ನಗು ಕೇಳುತ್ತಿತ್ತು, ನಮ್ಮ ಹೊಲ ಮಾತ್ರ ಖಾಲಿ. ಎಲ್ಲರಿಗಿಂತ ಮೊದಲು ಬಂದದ್ದು ಚಾಚಾ, ಅದೇ ಜಮಖಾನೆ ಹೆಗಲ ಮೇಲೆ ಹಾಕಿಕೊಂಡು.

"ಬಾಡಿಗಿಗಿ ಅಲ್ಲ. ಕೂತು ಉಣ್ಣಾಕ ತಂದೀನಿ," ಎಂದು ನಡುವಿನ ಸಾಲಿನಲ್ಲಿ ನಡೆದು ಬೇವಿನ ಕಡೆ ಹೋದರು. ಅರ್ಧ ದಾರಿಯಲ್ಲಿ ನಿಂತು ಕೂಗಿದರು, "ಅರೆ ಬೇಟಾ! ಈ ಕಡಿ ಕಾಯಿ ನನ್ನ ಕುರ್ತಾ ಹಿಡದು ಬಿಡವಲ್ದು. ಆ ಕಡಿ ಸುಮ್ಮನದ. ಏನ್ ಮಾಡೀರಿ ಇದಕ್ಕ?"

ಅವರ ದನಿ ದೊಡ್ಡದು. ಪಕ್ಕದ ಹೊಲದವರು ಎದ್ದು ನೋಡಿದರು. ತಮ್ಮ ಊಟ ಮುಗಿಸಿ, ಊರಿನವರಲ್ಲಿ ಅವರೇ ಮೊದಲು ಬಂದರು. ಆಮೇಲೆ ಬದು ಬದು ಹಿಡಿದು ಗುಂಪು ಗುಂಪಾಗಿ ಜನ ಬರತೊಡಗಿದರು. ತಮ್ಮ ಹೊಲದಲ್ಲಿ ಉಂಡು ಊರಿನ ಇತರರ ಹೊಲಕ್ಕೆ ಹೋಗುವ ರೂಢಿ ನಮ್ಮಲ್ಲಿ ಉಂಟು. ಮಧ್ಯಾಹ್ನದ ಮೇಲಿನ ಆ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ. ಅಕ್ಕನಿಗೆ ಗೊತ್ತಿತ್ತು. ಅದಕ್ಕೇ ಅವರು ಗಾಬರಿಯಾಗದೆ ಕೂತಿದ್ದರು.

ಬಂದವರೆಲ್ಲ ನಡುವಿನ ಸಾಲಿನಲ್ಲೇ ನಡೆಯಬೇಕಾಯಿತು. ನಡೆಯುತ್ತ ಬಲಗೈಯಿಂದ ಒಂದು ಕಾಯಿ, ಎಡಗೈಯಿಂದ ಒಂದು ಕಾಯಿ ಕಿತ್ತರು. ರೈತನ ಕೈ ಸುಮ್ಮನಿರುವುದಿಲ್ಲ. ಬೇವಿನ ಬುಡಕ್ಕೆ ಬರುವಷ್ಟರಲ್ಲಿ ಪ್ರತಿಯೊಬ್ಬರ ಬಾಯಲ್ಲೂ ಪ್ರಶ್ನೆ ಇತ್ತು. ಸಾಹೇಬರು ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಉತ್ತರ ಕೊಡುತ್ತಿದ್ದರು. ನಿರ್ಣಾದ ಒಂದು ತಾಸಿನ ಭಾಷಣದಲ್ಲಿ ಒಬ್ಬರೂ ಕೇಳದ್ದನ್ನು ಇಲ್ಲಿ ಹತ್ತು ಜನ ಕೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಬಂದರು. ಜೊತೆಗೆ ಅವರ ವಯಸ್ಸಿನ ನಾಲ್ಕೈದು ಹಿರಿಯರು, ಎಲ್ಲ ಕಬ್ಬಿನವರು. ಅಕ್ಕ ಸೆರಗು ಎಳೆದು ತಿರುಗಿ ನಿಂತರು.

"ನೋಡಾಕ ಛಂದ ಅದ ಮಾಸ್ತರ," ಭಾವ ಅಂದರು. "ಆದ್ರ ಗಿಡ್ಡ ಗಿಡದಾಗ ಕಾಯಿ ಒತ್ತಾಗಿ ಕಾಣಸ್ತಾವ. ಕಣ್ಣಿಗಿ ಮೋಸ ಆಗ್ತದ."

ರೊಟ್ಟಿ ಬಡಿಸುತ್ತಿದ್ದ ಒಬ್ಬ ಮುದುಕಿ ಎರಡು ಮೊರ ಎತ್ತಿ ಅವರ ಮುಂದೆ ಇಟ್ಟರು. "ಮಾತ್ಯಾಕ ತಮ್ಮಾ? ಆ ಕಡಿದೊಂದು, ಈ ಕಡಿದೊಂದು ಗಿಡ ಕೀಳು. ಬಿಡಸು. ಮೊರ ಹೇಳ್ತದ."

"ಗಿಡ ನಾನೇ ಆರಸ್ತೀನಿ," ಭಾವ ಅಂದರು.

ಅವರು ತೆಂಕಣ ಅರ್ಧದಲ್ಲಿ ಸುತ್ತಾಡಿ ಎಲ್ಲಕ್ಕಿಂತ ಒಳ್ಳೆಯ ಗಿಡ ಹುಡುಕಿದರು. ಚಿವುಟಿದ ಕಡೆ ಬದುವಿನ ಅಂಚಿನ ಬಡಕಲು ಗಿಡಕ್ಕೆ ಕೈ ಹಾಕಿದರು. ಜನ ನಕ್ಕರು, ಯಾರೂ ತಡೆಯಲಿಲ್ಲ. ಎರಡು ಮೊರ, ಎರಡು ಗಿಡ, ಸುತ್ತಲೂ ಕುಕ್ಕರಗಾಲಲ್ಲಿ ಕೂತ ಹೆಂಗಸರು. ಕಾಯಿ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಭಾವ ಆರಿಸಿದ ಒಳ್ಳೆಯ ಗಿಡದ ಕಾಯಿ ಮೊರದ ತಳ ಮುಚ್ಚಿ ಸ್ವಲ್ಪ ಮೇಲೆ ಬಂತು. ಅಕ್ಕನ ಬಡಕಲು ಗಿಡದ ಕಾಯಿ ಮೊರದ ಅಂಚಿಗೆ ಬಂತು, ಇನ್ನೂ ಎರಡು ರೆಂಬೆ ಉಳಿದಿದ್ದವು. ಅವನ್ನೂ ಬಿಡಿಸಿದರು. ಕಾಯಿ ಜಾರಿ ಚಾಚಾರ ಜಮಖಾನೆಯ ಮೇಲೆ ಬಿದ್ದವು.

"ಚೆಲ್ಲಾಕತ್ತಾವಲ್ಲೋ!" ಮುದುಕಿ ಕೂಗಿದರು. ಇಡೀ ಹೊಲ ಹೋ ಎಂದಿತು. ಚಾಚಾ ಎದ್ದು ಚಪ್ಪಾಳೆ ತಟ್ಟಿದರು. ಸಾಹೇಬರು ಫೋಟೋ ತೆಗೆಯುವುದನ್ನೂ ಮರೆತು ನಿಂತಿದ್ದರು.

ಭಾವ ಕೆಳಗೆ ಕೂತು ಎರಡೂ ಮೊರದಲ್ಲಿ ಕೈಯಾಡಿಸಿದರು. ಬಹಳ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಎಷ್ಟ್ ದಿನಕ್ಕ ಚೂಟಬೇಕು? ಎಷ್ಟುದ್ದ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೂವತ್ತಕ್ಕೆ ಹತ್ತನೇ ತರಗತಿ ಮುಗಿಸಿದವನಿಗೆ ಅಷ್ಟು ಜನರ ಮುಂದೆ ಉತ್ತರ ಹೇಳುವ ಆಸೆ ಎಷ್ಟಿರುತ್ತದೆ ಎಂದು ನನಗೇ ಗೊತ್ತು. ಆದರೂ, "ಹೊಲ ಮಾಡಿದವ್ರಿಗಿ ಕೇಳ್ರಿ" ಅಂದೆ.

ಅಕ್ಕ ನನ್ನ ಮುಖ ನೋಡಿದರು. ಸೆರಗು ತಲೆಯ ಮೇಲೇ ಇತ್ತು, ಆದರೆ ಈ ಸಲ ತಿರುಗಿ ನಿಲ್ಲಲಿಲ್ಲ. ಒಂದು ರೆಂಬೆ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದರು. ಬಿತ್ತಿ ಐವತ್ತು ದಿನಕ್ಕೆ, ತುದಿಯ ಎರಡು ಬೆರಳಿನಷ್ಟು ಮಾತ್ರ, ಭೂಮಿಯಲ್ಲಿ ಹಸಿ ಇದ್ದಾಗ. ಹೂ ತಡವಾದರೆ ಹೆದರಬಾರದು, ಆ ಹತ್ತು ಹನ್ನೆರಡು ದಿನ ಮಂದಿ ಮಾತು ತಡೆದುಕೊಳ್ಳಬೇಕು. ಅಷ್ಟು ಹೇಳುವಾಗ ನನ್ನ ಕಡೆ ನೋಡಿ ನಕ್ಕರು. ಮೈಕಿಲ್ಲದೆ ಹಿಂದಿನವರಿಗೂ ಕೇಳಿಸಿತು.

ಭಾವ ಎದ್ದು ಧೋತರ ಕೊಡವಿಕೊಂಡರು. ರೂಢಿ ಬಿಡಲಾಗದೆ ನನಗೇ ಹೇಳಿದರು, "ಮಾಸ್ತರ, ಆಕಿಗಿ ಹೇಳ್ರಿ. ಈ ಹೊಲಕ್ಕ ಪೈಪ್ ಬರಂಗಿಲ್ಲ. ಬರೋ ವರ್ಷ ಪೂರಾ ನಾಲ್ಕೂ ಎಕರೆ ಆಕಿನೇ ಚೂಟ್ಲಿ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದರು, "ಕೇಳಿಸ್ಯದ್ರಿ ಭಾವಾ. ಕೂಡ್ರಿ, ಭಜ್ಜಿ ಉಣ್ರಿ."

ಭಾವ ಜಮಖಾನೆಯ ಮೇಲಿನ ಕಾಯಿಗಳನ್ನು ಕೈಯಿಂದ ಸರಿಸಿ, ಚಾಚಾರ ಪಕ್ಕದಲ್ಲಿ ಕೂತು ತಾಟು ಮುಂದೆ ಮಾಡಿದರು. ಅವರ ಕಾಲಿಗೆ ಹತ್ತಿದ ಕರಿಮಣ್ಣು ಜಮಖಾನೆಗೂ ಹತ್ತಿತು. ಚಾಚಾ ಅದನ್ನು ನನಗೆ ಕಣ್ಣಲ್ಲೇ ತೋರಿಸಿದರು.

ಈ ಸಲದ ಮಳೆಗಾಲದಲ್ಲಿ ಭಾವನೇ ಫೋನ್ ಮಾಡಿ, "ಚೂಟಾಕತ್ತೀವಿ, ಬರ್ರಿ ಮಾಸ್ತರ" ಅಂದರು. ಹೋದಾಗ ಅವರು ಹೆಂಗಸರ ಸಾಲಿನ ಕೊನೆಯಲ್ಲಿ ಬಗ್ಗಿಕೊಂಡು ಕುಡಿ ಕೀಳುತ್ತಿದ್ದರು. ನಾನು ಬದು ಏರುವಷ್ಟರಲ್ಲಿ ಅಕ್ಕನ ದನಿ ಹೊಲದ ಆಚೆ ತುದಿಯಿಂದ ಕೇಳಿಸಿತು.

"ಭಾವಾ, ಎರಡ್ ಬೆರಳಿನಷ್ಟು ಅಂದೀನಿ, ಗೇಣುದ್ದ ಕೀಳಾಕತ್ತೀರಿ! ಹೊಳ್ಳಿ ಬರ್ರಿ, ಮೊದಲಿಂದ ತೋರಸ್ತೀನಿ."